ಅಪ್ಪನ ಹೆಸರು ಬ್ಯಾಡ ಅಂದ ವರ್ಷ

ಉದ್ದಿನ ಕಟಾವಿನ ಹೊತ್ತಿಗೆ ಸರಿಯಾಗಿ ಮಳೆ ಹಿಡಿದರೆ ನಮ್ಮ ಕಡೆ ಊರೆಲ್ಲ ಒಂದು ವಾಸನೆ ಏಳುತ್ತದೆ. ತೊಯ್ದ ಕಾಳು, ಹಸಿ ಹೊಟ್ಟು, ಗೋಣಿಚೀಲ ಎಲ್ಲ ಕೂಡಿ ಬರುವ ಮುಗ್ಗಲು ವಾಸನೆ. ಮೊನ್ನೆ ಬೀದರಿನ ಗಂಜಿನ, ಅಂದರೆ ಕಾಳಿನ ಪೇಟೆಯ, ಹಿಂದಿನ ಓಣಿಯಲ್ಲಿ ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗುತ್ತಿದ್ದೆ. ಅಡತಿ ಅಂಗಡಿಯೊಂದರ ಕಟ್ಟೆಯ ಮೇಲೆ ಉದ್ದು ಹರವಿ ಮೇಲೆ ಫ್ಯಾನು ಹಚ್ಚಿದ್ದರು. ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಾಲು ನಿಂತವು. ಬೇರೆಯವರಿಗೆ ಇದರಿಂದ ಹೊಲ ನೆನಪಾಗಬಹುದು, ಅಜ್ಜಿ ಕರಿದ ವಡೆ ನೆನಪಾಗಬಹುದು. ನನಗೆ ನಾಚಿಕೆಯಾಗುತ್ತದೆ. ಬಾಯಿಮಾತಿನ ನಾಚಿಕೆಯಲ್ಲ, ಕಿವಿ ಬಿಸಿಯಾಗುವಂಥ ನಾಚಿಕೆ.

ಪ್ರೆಸ್ಸಿನಲ್ಲಿ ನನ್ನ ಹೊಸ ಪುಸ್ತಕದ ಮುಖಪುಟ ಕಂಪ್ಯೂಟರಿನ ಮೇಲೆ ತಯಾರಾಗಿ ಕೂತಿತ್ತು. ಲೇಖಕರ ಹೆಸರು ಮೊದಲಿನಂತೆಯೇ ಇರಲೇ ಎಂದು ಆಪರೇಟರ್ ಕೇಳಿದ. ಎರಡು ದಿನ ಬಿಟ್ಟು ಹೇಳುತ್ತೇನೆ ಎಂದು ಬಂದುಬಿಟ್ಟೆ. ಹನ್ನೆರಡು ವರ್ಷದಿಂದ ಹೇಳದೇ ಇದ್ದವನಿಗೆ ಎರಡು ದಿನ ಯಾವ ಲೆಕ್ಕ!

ನನ್ನನ್ನು ಓದಿದ ನಾಲ್ಕು ಜನ ನನ್ನನ್ನು ಬಲ್ಲದ್ದು ‘ಶರಣಪ್ರಿಯ’ ಎಂಬ ಹೆಸರಿನಿಂದ. ಅಪ್ಪ ಇಟ್ಟ ಹೆಸರು ಮಿಲಿಂದ. ನಮ್ಮ ಕಡೆ ಪೂರಾ ಹೆಸರು ಅಂದರೆ ನಡುವೆ ಅಪ್ಪನ ಹೆಸರು, ಕೊನೆಗೆ ಅಡ್ಡಹೆಸರು. ಹಾಗಾಗಿ ಮಿಲಿಂದ ಮಾರುತಿ ಕಾಂಬಳೆ, ಮುಕ್ಕಾಮು ಹಲಬರ್ಗಾ, ತಾಲೂಕು ಭಾಲ್ಕಿ. ಬೀದರ ಜಿಲ್ಲೆಯಲ್ಲಿ ಇಷ್ಟು ಹೇಳಿದರೆ ಸಾಕು, ಕೇಳಿದವರು ನೀವು ಯಾರ ಪೈಕಿ ಎಂದು ಮತ್ತೆ ಕೇಳುವ ತ್ರಾಸು ತೆಗೆದುಕೊಳ್ಳುವುದಿಲ್ಲ. ದಲಿತರ ಪೈಕಿ, ಅದರಲ್ಲೂ ಬೌದ್ಧರ ಪೈಕಿ ಎಂದು ಅವರಿಗೆ ಅಲ್ಲೇ ತಿಳಿದುಹೋಗುತ್ತದೆ.

ಬೀದರಿನ ಕಾಲೇಜಿನಲ್ಲಿ ಓದುವಾಗ ಈ ಪೂರಾ ಹೆಸರಿನಲ್ಲಿ ಮೂರು ಸಲ ಪತ್ರಿಕೆಗೆ ಕವಿತೆ ಕಳಿಸಿದ್ದೆ. ಮೂರೂ ಬರಲಿಲ್ಲ. ನಾಲ್ಕನೆಯದನ್ನು ಶರಣಪ್ರಿಯ ಎಂದು ಕಳಿಸಿದೆ. ಬಂತು. ಆಗಲೇ ನಾನು ತೀರ್ಮಾನ ಮಾಡಿಬಿಟ್ಟೆ, ಅಡ್ಡಹೆಸರು ನೋಡಿಯೇ ಕಸದ ಬುಟ್ಟಿಗೆ ಹಾಕಿದ್ದರು ಎಂದು. ಹಾಗೆ ಹಾಕುವವರು ಇಲ್ಲವೆಂದಲ್ಲ, ಇದ್ದಾರೆ. ಆದರೆ ಆ ಮೂರು ಕವಿತೆಗಳ ಕೈಪ್ರತಿಗಳು ಈಗಲೂ ನನ್ನ ಹತ್ತಿರ ಇವೆ. ಮೊನ್ನೆ ತೆಗೆದು ಓದಿದೆ. ಯಾರಾದರೂ ಕಸದ ಬುಟ್ಟಿಗೇ ಹಾಕುವಂಥ ಕವಿತೆ ಅವು.

ವಚನಗಳೆಂದರೆ ನನಗೆ ಪ್ರಾಣ, ಅದರಲ್ಲಿ ಸುಳ್ಳಿಲ್ಲ. ಹೆಸರನ್ನು ಪ್ರೀತಿಯಿಂದಲೇ ಇಟ್ಟುಕೊಂಡೆ. ಆದರೆ ಓದಿದವರು ನನ್ನನ್ನು ಲಿಂಗಾಯತರ ಹುಡುಗ ಎಂದುಕೊಳ್ಳುತ್ತಾರೆ ಎಂಬುದು ವರ್ಷದೊಳಗೇ ಗೊತ್ತಾಯಿತು. ಗೊತ್ತಾದ ಮೇಲೆ ತಿದ್ದಬೇಕಿತ್ತು. ತಿದ್ದಲಿಲ್ಲ. ಬೆಚ್ಚಗಿತ್ತು, ಹೊದ್ದುಕೊಂಡು ಕೂತೆ. ಮೇಲೆ ಬೀದರಿನ ಒಂದು ಪತ್ರಿಕೆಗೆ ವಾರಕ್ಕೊಂದು ಅಂಕಣ ಬೇರೆ ಬರೆಯುತ್ತಿದ್ದೆ. ಅದರ ಹೆಸರು ‘ತೆರೆದ ಬಾಗಿಲು’. ಮುಚ್ಚುಮರೆ ಇಲ್ಲದೆ ಬದುಕುವುದು ಹೇಗೆ ಎಂದು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದೆ. ನನ್ನ ಮೋರೆಗೆ!

ಔರಾದ ಪಟ್ಟಣದಿಂದ ಐದಾರು ಮೈಲಿ ಆಚೆಯ ಹಳ್ಳಿಯ ಹೈಸ್ಕೂಲಿಗೆ ನನ್ನನ್ನು ಕನ್ನಡ ಮಾಸ್ತರನಾಗಿ ಹಾಕಿದ್ದು ಮೂವತ್ತರ ವಯಸ್ಸಿನಲ್ಲಿ. ಇನ್ನೂ ಮದುವೆಯಾಗಿರಲಿಲ್ಲ. ಜೊತೆಯ ಮಾಸ್ತರರೆಲ್ಲ ಬೀದರಿನಿಂದ ಬಸ್ಸಿಗೆ ಬಂದು ಹೋಗುವವರು. ನಾನು ಔರಾದಿನಲ್ಲೇ ಮನೆ ಹುಡುಕಿದೆ. ಮೊದಲನೆಯ ಮನೆಯಲ್ಲಿ ಪೂರಾ ಹೆಸರು ಕೇಳಿದರು, ಹೇಳಿದೆ, ಮನೆ ನಿನ್ನೆಯೇ ಕೊಟ್ಟಾಯಿತು ಎಂದರು. ಮನೆ ಬಾಡಿಗೆಗಿದೆ ಎಂಬ ಬೋರ್ಡು ವಾರವಾದರೂ ಅಲ್ಲೇ ತೂಗುತ್ತಿತ್ತು. ಎರಡನೆಯ ಮನೆಯವರು ಮಾಂಸ ತಿನ್ನುತ್ತೀರೇನು ಎಂದು ಕೇಳಿ, ಉತ್ತರ ಕೇಳುವ ಮೊದಲೇ ಬಾಗಿಲು ಅರ್ಧ ಹಾಕಿದರು. ಮೂರನೆಯದು ಕಾಶಪ್ಪನವರ ಮನೆ. ಕಾಳು ಕಡಿಯ ವ್ಯಾಪಾರ ಅವರದು. ಭಾದ್ರಪದದ ಜಡಿಮಳೆ ಹಿಡಿದಿತ್ತು, ಪಡಸಾಲೆಯ ತುಂಬ ಉದ್ದು ಹರವಿದ್ದರು, ಕಾಲಿಡಲು ಜಾಗವಿರಲಿಲ್ಲ. ಅವರ ಹೆಂಡತಿ ಶಿವಲೀಲಮ್ಮ ಕಾಳಿನ ನಡುವೆ ಕೂತು ಕೈಯಾಡಿಸುತ್ತಿದ್ದರು. ನಾನು ಛತ್ರಿ ಮಡಚುವಾಗ ಕಂಕುಳಲ್ಲಿದ್ದ ಪತ್ರಿಕೆ ಜಾರಿ ಕೆಳಗೆ ಬಿತ್ತು. ನನ್ನ ಅಂಕಣ ಬಂದ ದಿನ ಅದು, ಮೂಲೆಯಲ್ಲಿ ಫೋಟೋ ಕೂಡ ಇತ್ತು. ಆಕೆ ಫೋಟೋ ನೋಡಿದರು, ನನ್ನ ಮುಖ ನೋಡಿದರು. ನೀವೇನ್ರಿ ಶರಣಪ್ರಿಯ ಅಂದ್ರ ಎಂದು ಕೇಳಿದರು.

ಹೌದ್ರಿ ಎಂದೆ. ಅಷ್ಟೇ. ಪೂರಾ ಹೆಸರು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಪಡಸಾಲೆಯ ಪಕ್ಕದ ಖೋಲಿಯ ಕೀಲಿಕೈ ಕೈಗೆ ಬಂತು. ನಾನೆಲ್ಲಿ ಸುಳ್ಳು ಹೇಳಿದೆ ಎಂದು ಆ ರಾತ್ರಿ ನನಗೆ ನಾನೇ ವಕೀಲಿಕೆ ಮಾಡಿಕೊಂಡೆ.

ಸುಳ್ಳು ಮರುವಾರವೇ ಬಂತು. ಕೊರಳಲ್ಲಿ ಲಿಂಗ ಕಾಣುವುದಿಲ್ಲವಲ್ಲ ಎಂದು ಕಾಶಪ್ಪನವರು ಸಹಜವಾಗಿಯೇ ಕೇಳಿದರು. ದೇವರ ಜಗುಲಿಯ ಮೇಲಿಟ್ಟು ಪೂಜೆ ಮಾಡುತ್ತೇನೆ ಎಂದೆ. ನನ್ನ ಖೋಲಿಯಲ್ಲಿ ಜಗುಲಿಯೇ ಇರಲಿಲ್ಲ. ಹಲಬರ್ಗಾದ ನಮ್ಮ ಮನೆಯಲ್ಲಿ ಬಾಗಿಲು ತೆರೆದ ಕೂಡಲೇ ಎದುರಿಗೆ ಕಾಣುವಂತೆ ಬುದ್ಧನ ಫೋಟೋ ಇದೆ. ಅಂಥದೇ ಒಂದನ್ನು ಅಪ್ಪ ಕಟ್ಟು ಹಾಕಿಸಿ ನನ್ನ ಜೊತೆ ಕಳಿಸಿದ್ದ. ಅದು ಟ್ರಂಕಿನ ತಳದಲ್ಲಿ, ಚಾದರದ ಕೆಳಗೆ, ಟವೆಲಿನಲ್ಲಿ ಸುತ್ತಿಕೊಂಡು ವರ್ಷ ಪೂರ್ತಿ ಮಲಗಿತ್ತು. ಅಪ್ಪ ಫೋನು ಮಾಡಿದರೆ ಮೊದಲ ಮಾತು ಜೈಭೀಮ. ನಾನು ತಿರುಗಿ ಜೈಭೀಮ ಅನ್ನಬೇಕು, ಹುಟ್ಟಿದಾಗಿನಿಂದ ಬಂದ ರೂಢಿ. ಗೋಡೆಯಾಚೆ ಶಿವಲೀಲಮ್ಮನವರ ಬಳೆ ಸಪ್ಪಳ ಕೇಳುತ್ತಿತ್ತು. ಹೂಂ, ಆರಾಮ ಅದೀನಿ ಎಂದು ಮಾತು ಬೇರೆಡೆ ತಿರುಗಿಸುತ್ತಿದ್ದೆ. ನಾಲ್ಕೈದು ಸಲ ಹಾಗಾದ ಮೇಲೆ ಅಪ್ಪನೂ ಜೈಭೀಮ ಬಿಟ್ಟು, ಉಂಡಿಯೇನು ಎಂದು ಶುರು ಮಾಡತೊಡಗಿದ. ನನಗೆ ಹಗುರಾಯಿತು. ಹಗುರಾಯಿತು ಎಂದು ಬರೆಯಲು ಈಗ ಕೈ ಏಳುವುದಿಲ್ಲ, ಆದರೆ ಆಗಿದ್ದು ಅದೇ.

ಜೊತೆಯ ಮಾಸ್ತರರು ನನ್ನನ್ನು ಕಾಂಬಳೆ ಸರ್ ಎಂದು ಕರೆಯುತ್ತಿದ್ದರು. ಅವರು ಯಾರೂ ಮನೆಯ ಕಡೆ ಸುಳಿಯದಂತೆ ನೋಡಿಕೊಳ್ಳುವುದೇ ನನಗೊಂದು ಉದ್ಯೋಗವಾಯಿತು. ಯಾರಾದರೂ ಮನಿಗೆ ಬರ್ತೇವಿ ಅಂದರೆ ನಾನೇ ಬಸ್ ಸ್ಟ್ಯಾಂಡಿಗೆ ಓಡಿ ಚಹಾ ಕುಡಿಸಿ ಕಳಿಸುತ್ತಿದ್ದೆ. ಎಷ್ಟು ಚಹಾ ಕುಡಿಸಿದೆನೋ ಆ ವರ್ಷ.

ಇಷ್ಟೆಲ್ಲ ಆದರೂ ಆ ಮನೆ ನನಗೆ ಹಿತವಾಗಿತ್ತು. ಅದೇ ಕಷ್ಟದ ಮಾತು. ಕೆಟ್ಟ ಜನರಾಗಿದ್ದರೆ ಮೋಸ ಮಾಡಿದೆ ಎಂದು ಇಷ್ಟು ಕೊರಗುತ್ತಿರಲಿಲ್ಲ. ಶಿವಲೀಲಮ್ಮ ದಿನಾ ಮುಂಜಾನೆ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ ತಾಟಿನಲ್ಲಿ ಮುಚ್ಚಿ ಕಳಿಸುತ್ತಿದ್ದರು. ಚಳಿಗಾಲದಲ್ಲಿ ನನಗೆ ಜ್ವರ ಬಂದು ಎಂಟು ದಿನ ಮಲಗಿದಾಗ ಅವರ ಮಗಳು ಪಾರ್ವತಿ ಅಣ್ಣಾ ಎಂದು ಗಂಜಿ ತಂದುಕೊಟ್ಟಳು. ನಮ್ಮ ಬೀದರ ಜಿಲ್ಲೆಯ ಚಳಿ ಗೊತ್ತಲ್ಲ, ಕೆಂಪು ಕಲ್ಲಿನ ಗೋಡೆಯೂ ಹಲ್ಲು ಕಡಿಯುವಂಥದು. ಕಾಶಪ್ಪನವರು ತಮ್ಮ ಹೊದಿಕೆ ತಂದು ನನ್ನ ಮೇಲೆ ಹಾಕಿದರು. ಸೋಮವಾರ ಸಂಜೆ ಪಡಸಾಲೆಯಲ್ಲಿ ಓಣಿಯ ಹತ್ತು ಜನ ಸೇರುತ್ತಿದ್ದರು. ನಾನು ವಚನ ಓದಿ ಅರ್ಥ ಹೇಳಬೇಕು. ಕುಲ ಕೇಳುವವನು ಭಕ್ತನೇ ಅಲ್ಲ ಎಂಬ ಅರ್ಥದ ಮಾತು ಬಂದಾಗ ನನ್ನ ದನಿ ಏರುತ್ತಿತ್ತು. ಎಲ್ಲರೂ ತಲೆದೂಗುತ್ತಿದ್ದರು. ಖರೆ ಅದ ಸರ್ ಎನ್ನುತ್ತಿದ್ದರು ಕಾಶಪ್ಪನವರು. ಅಲ್ಲಿಯೇ, ಆ ಮಾತಿನ ಬೆನ್ನಿಗೇ, ನನ್ನ ಪೂರಾ ಹೆಸರು ಹೇಳಿಬಿಟ್ಟಿದ್ದರೆ! ಪ್ರತಿ ಸೋಮವಾರ ಇವತ್ತು ಹೇಳುತ್ತೇನೆ ಎಂದು ಹೋಗುತ್ತಿದ್ದೆ. ಪ್ರತಿ ಸೋಮವಾರ ಹಂಚಿದ ಮಂಡಾಳು ಚುರುಮುರಿ ತಿಂದು ಎದ್ದು ಬರುತ್ತಿದ್ದೆ.

ವೈಶಾಖದಲ್ಲಿ ಪಾರ್ವತಿಯ ಮದುವೆ ಗೊತ್ತಾಯಿತು. ತಂಗಿಯ ಹಾಗಿದ್ದವಳು, ಏನಾದರೂ ದೊಡ್ಡದೇ ಕೊಡಬೇಕು ಅನ್ನಿಸಿತು. ನಮ್ಮ ಕಡೆ ಮದುವೆಗೆ ಕೊಡುವುದೆಂದರೆ ಭಾಂಡೆ ಪಾತ್ರೆ, ಮತ್ತು ಭಾಂಡೆಯ ಮೇಲೆ ಕೊಟ್ಟವರ ಹೆಸರು ಕೆತ್ತಿಸಿರಬೇಕು. ಹೆಸರಿಲ್ಲದ ಭಾಂಡೆ ಕೊಟ್ಟರೆ ಬಜಾರಿನಿಂದ ಎತ್ತಿಕೊಂಡು ಬಂದಂತೆ. ನನ್ನ ಅಪ್ಪ ಮಾಡುತ್ತಿದ್ದುದು ಹೆಸರು ಕೆತ್ತುವ ಆ ಕೆಲಸವನ್ನೇ.

ಭಾಲ್ಕಿಯ ಬಜಾರಿನಲ್ಲಿ ಒಂದು ದೊಡ್ಡ ಭಾಂಡೆ ಅಂಗಡಿ. ಅದರ ಮುಂದೆ ಒಂದು ಸ್ಟೂಲು, ಒಂದು ಕರೆಂಟಿನ ಮಷಿನು, ಅದರ ತುದಿಗೆ ಸೂಜಿ. ಅಲ್ಲಿ ನನ್ನ ಅಪ್ಪ ಮೂವತ್ತು ವರ್ಷ ಕೂತ. ಅದಕ್ಕೂ ಮೊದಲು ಮೊಳೆ, ಸುತ್ತಿಗೆ ಹಿಡಿದು ಚುಕ್ಕಿ ಚುಕ್ಕಿಯಾಗಿ ಬರೆಯುತ್ತಿದ್ದನಂತೆ. ಅವ್ವ ನಾನು ಸಣ್ಣವನಿದ್ದಾಗಲೇ ತೀರಿಹೋದಳು. ಹಲಬರ್ಗಾದಿಂದ ದಿನಾ ಮುಂಜಾನೆಯ ಗಾಡಿಗೆ ನನ್ನನ್ನೂ ಕರೆದುಕೊಂಡು ಹೋಗಿ ಭಾಲ್ಕಿಯ ಸಾಲೆಗೆ ಬಿಟ್ಟು, ತಾನು ಸ್ಟೂಲಿಗೆ ಹೋಗುತ್ತಿದ್ದ. ಅವನು ಸಾಲೆ ಕಲಿತದ್ದು ನಾಲ್ಕನೆಯ ಇಯತ್ತೆ. ಆದರೆ ಕನ್ನಡ, ಮರಾಠಿ ಎರಡನ್ನೂ ಮುತ್ತಿನಂತೆ ಬರೆಯುತ್ತಿದ್ದ. ಉರ್ದು ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಗೆರೆಯೂ ತಪ್ಪದಂತೆ ಇಳಿಸುತ್ತಿದ್ದ. ಗಿರಾಕಿ ಬಂದರೆ ಅವನದು ಒಂದೇ ಮಾತು, ಪೂರಾ ಹೆಸರು ಹೇಳ್ರಿ. ಬರೀ ಹೆಸರು ಹೇಳಿದರೆ ಅಪ್ಪನ ಹೆಸರು ಕೇಳುತ್ತಿದ್ದ, ಅಡ್ಡಹೆಸರು ಕೇಳುತ್ತಿದ್ದ, ಊರು ಕೇಳುತ್ತಿದ್ದ. ಮದುವೆ ಮನೆಗಳಿಗೆ ಭಾಂಡೆ ಕಡ ಹೋಗುತ್ತವೆ, ಹತ್ತು ಮನೆಯ ಭಾಂಡೆ ಒಂದೇ ರಾಶಿಯಲ್ಲಿ ಬೀಳುತ್ತವೆ, ಅರ್ಧ ಹೆಸರಿದ್ದರೆ ತಿರುಗಿ ಯಾರ ಮನೆಗೆ ಹೋಗಬೇಕು ಎಂದು ಅವನ ವಾದ. ಅವಸರದ ಗಿರಾಕಿಗಳು ಬೈದರೂ ಬಿಡುತ್ತಿರಲಿಲ್ಲ.

ಒಂದು ಐತವಾರ ನಾನು ಭಾಲ್ಕಿಗೆ ಹೋಗಿ ಹಿತ್ತಾಳೆಯ ಹಂಡೆಯೊಂದನ್ನು ಆರಿಸಿ ಅಪ್ಪನ ಮುಂದೆ ಇಟ್ಟೆ. ಮನೆ ಮಾಲಕರ ಮಗಳ ಮದುವೆ ಎಂದೆ. ಅಪ್ಪನಿಗೆ ಖುಷಿಯಾಯಿತು. ಅಂಗಡಿಯ ಸೇಟನಿಗೆ ಕೇಳುವಂತೆ, ನನ್ನ ಮಗ, ಔರಾದಿನಾಗ ಮಾಸ್ತರ ಅದಾನ ಎಂದು ಮತ್ತೊಮ್ಮೆ ಹೇಳಿದ. ಸೇಟನಿಗೆ ಅದು ನೂರು ಸಲ ಗೊತ್ತಿತ್ತು. ಹಂಡೆಯ ಕಂಠವನ್ನು ಅರಿವೆಯಿಂದ ಒರೆಸಿ, ಚಷ್ಮಾ ಏರಿಸಿ, ಮಷಿನು ಹಿಡಿದು, ನನ್ನನ್ನು ಗಿರಾಕಿಯ ಹಾಗೆ ನೋಡಿ ನಕ್ಕ.

“ಪೂರಾ ಹೆಸರು ಹೇಳ್ರಿ.”

“ಶರಣಪ್ರಿಯ. ಅಷ್ಟ ಹಾಕು.”

“ಅಪ್ಪನ ಹೆಸರು?”

ಅವನು ಆಟಕ್ಕೇ ಕೇಳಿದ್ದ. ಮುಖದ ಮೇಲೆ ನಗು ಇನ್ನೂ ಇತ್ತು.

“ಬ್ಯಾಡ,” ಎಂದೆ.

ನಗು ಹೋಗಲಿಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಊರಿನ ಹೆಸರಾದರೂ ಹಾಕಲೇನು ಎಂದು ಸಣ್ಣ ದನಿಯಲ್ಲಿ ಕೇಳಿದ. ಅದೂ ಬ್ಯಾಡ ಎಂದೆ. ಅಲ್ಲಿನ ಜನ ನನ್ನನ್ನು ಆ ಹೆಸರಿನಿಂದಲೇ ಬಲ್ಲರು, ಬೇರೆ ಹೆಸರು ನೋಡಿದರೆ ಗೊಂದಲ ಮಾಡಿಕೊಳ್ಳುತ್ತಾರೆ ಎಂದು ಏನೇನೋ ಹೇಳಿದೆ. ಅಪ್ಪ ದಡ್ಡನಲ್ಲ. ಜೈಭೀಮ ನಿಂತದ್ದು ಯಾಕೆಂದು ತಿಳಿದವನಿಗೆ ಇದು ತಿಳಿಯುವುದಿಲ್ಲವೇ? ಮತ್ತೇನೂ ಕೇಳದೆ ಮಷಿನಿನ ಗುಂಡಿ ಒತ್ತಿದ. ಹಿತ್ತಾಳೆಯ ಮೇಲೆ ಸೂಜಿ ಗರ್‍ರೆನ್ನುತ್ತ ಓಡಿತು. ಐದು ಅಕ್ಷರ. ಅಂಥ ಚೆಂದದ ಅಕ್ಷರ ಅವನು ಯಾರಿಗೂ ಬರೆದುಕೊಟ್ಟಿರಲಿಕ್ಕಿಲ್ಲ. ಹಂಡೆಗೆ ಇನ್ನೊಮ್ಮೆ ಪಾಲಿಶ್ ಮಾಡಿಸಿ ಮದುವೆಯ ದಿನ ಔರಾದಿನ ಬಸ್ಸಿನ ಡ್ರೈವರನ ಕೈಯಲ್ಲಿ ಕಳಿಸುತ್ತೇನೆ, ಸ್ಟ್ಯಾಂಡಿನಲ್ಲಿ ಇಳಿಸಿಕೋ ಎಂದ. ನಾನು ಮುಂದಿನ ಬಸ್ಸಿಗೆ ಹೊರಟುಬಂದೆ.

ಮದುವೆಯ ದಿನ ಬಿಸಿಲು ಕೆಂಡ ಕಾರುತ್ತಿತ್ತು. ಮನೆಯ ಮುಂದಿನ ಬಯಲಿನಲ್ಲಿ ಪೆಂಡಾಲು. ನಾನು ಮನೆಯ ಮಗನ ಹಾಗೆ ಹೆಗಲಿಗೆ ಟವೆಲು ಹಾಕಿಕೊಂಡು ಬಾಗಿಲಲ್ಲಿ ನಿಂತು ಬಂದವರನ್ನು ಕೈಮುಗಿದು ಒಳಗೆ ಕಳಿಸುತ್ತಿದ್ದೆ. ಕಾಶಪ್ಪನವರು ಬೀಗರಿಗೆಲ್ಲ ನನ್ನನ್ನು ತೋರಿಸಿ, ಇವರು ದೊಡ್ಡ ಸಾಹಿತಿಗಳು, ನಮ್ಮ ಮನ್ಯಾಗೇ ಇರ್ತಾರ ಎಂದು ಹೇಳಿಕೊಳ್ಳುತ್ತಿದ್ದರು. ನಾನು ಉಬ್ಬಿದ್ದೆ. ಹನ್ನೆರಡರ ಬಸ್ಸಿಗೆ ಹಂಡೆ ಬರುತ್ತದೆ, ಯಾರನ್ನಾದರೂ ಕಳಿಸಬೇಕು ಎಂದುಕೊಳ್ಳುತ್ತಿರುವಾಗ ಓಣಿಯ ತುದಿಯಲ್ಲಿ ಅಪ್ಪ ಕಂಡ.

ಹೆಗಲ ಮೇಲೆ ಪೇಪರು ಸುತ್ತಿದ ಹಂಡೆ. ಬಿಳಿ ಅಂಗಿ, ಬಿಳಿ ಧೋತರ, ಬಿಳಿ ಟೋಪಿ, ಬುದ್ಧಪೂರ್ಣಿಮೆಗೆ ಮಾತ್ರ ಹೊರಗೆ ತೆಗೆಯುವ ಬಟ್ಟೆ. ಡ್ರೈವರ ಒಲ್ಲೆ ಅಂದನೋ ಅಥವಾ ಮಗ ದೊಡ್ಡವರ ನಡುವೆ ನಿಂತದ್ದನ್ನು ಒಂದು ಸಲ ಕಣ್ಣಾರೆ ನೋಡಬೇಕು ಅನ್ನಿಸಿತೋ, ಇವತ್ತಿಗೂ ಕೇಳಿಲ್ಲ. ಬಸ್ ಸ್ಟ್ಯಾಂಡಿನಿಂದ ಆ ಬಿಸಿಲಲ್ಲಿ ಹೊತ್ತುಕೊಂಡೇ ಬಂದಿದ್ದ. ಅಯ್ಯೋ ಅಪ್ಪ ಎಂದು ಓಡಿಹೋಗಿ ಹೆಗಲಿನ ಭಾರ ಇಳಿಸಿಕೊಳ್ಳಬೇಕಾದ ಮಗ ನಾನು. ನಿಂತಲ್ಲೇ ನಿಂತೆ. ಅವನು ಹತ್ತಿರ ಬಂದು ಹಂಡೆ ಇಳಿಸಿ, ಟೋಪಿ ತೆಗೆದು ಬೆವರು ಒರೆಸಿಕೊಂಡ. ಬಾಯಿ ತೆರೆಯುವಷ್ಟರಲ್ಲಿ ಕಾಶಪ್ಪನವರು ಬಂದರು.

“ಇವ್ರು ಯಾರ್ರಿ ಸರ್?”

ಅಪ್ಪ ನನ್ನ ಮುಖ ನೋಡಿದ. ಉತ್ತರ ನನಗೆ ಬಿಟ್ಟಿದ್ದ.

“ಭಾಂಡಿ ಅಂಗಡಿಯವ್ರು,” ಎಂದೆ. “ಭಾಲ್ಕಿಯಿಂದ ತರ್ಸಿದ್ದೆ.”

ಈ ನಾಲಿಗೆಯಿಂದಲೇ ಹೇಳಿದೆ. ಇದೇ ನಾಲಿಗೆಯಿಂದ ಈಗಲೂ ಸಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ.

ಅಪ್ಪ ಟೋಪಿ ತಲೆಗೇರಿಸಿ, ಹೌದ್ರಿ, ಸರ್ ತರ್ಸಿದ್ರು ಎಂದ. ಕಾಶಪ್ಪನವರು ಒಳ್ಳೆಯ ಮನಸ್ಸಿನಿಂದಲೇ, ಬಿಸಿಲಾಗ ಬಂದೀರಿ, ಉಂಡೇ ಹೋಗಬೇಕು ಎಂದು ಒತ್ತಾಯ ಮಾಡಿದರು. ಬಾಜಾದವರು, ಪೆಂಡಾಲು ಹಾಕಿದವರು ಎಲ್ಲ ಕೂತ ಕೊನೆಯ ಪಂಗತಿಯಲ್ಲಿ ಅವನನ್ನು ಕೂರಿಸಿದರು. ಅದೇ ಪಂಗತಿಗೆ ಗೋಧಿ ಹುಗ್ಗಿ ಬಡಿಸುವ ಬಕೀಟು ನನ್ನ ಕೈಗೆ ಬಂತು. ಬೇರೆ ಯಾರಿಗಾದರೂ ಕೊಟ್ಟು ಜಾರಿಕೊಳ್ಳೋಣವೆಂದರೆ ಎಲ್ಲರ ಕೈಯಲ್ಲೂ ಒಂದೊಂದು ಇತ್ತು. ಒಬ್ಬೊಬ್ಬರಿಗೇ ಬಡಿಸುತ್ತ ಬಂದು ಅವನ ಎಲೆಯ ಮುಂದೆ ನಿಂತೆ. ಹುಗ್ಗಿಯೆಂದರೆ ಅವನಿಗೆ ಜೀವ. ನಮ್ಮ ಮನೆಯಲ್ಲಿ ವರ್ಷಕ್ಕೆ ಒಂದೆರಡು ಸಲ ತಾನೇ ಮಾಡಿ, ತಳದ್ದೆಲ್ಲ ಕೆರೆದು ನನಗೇ ಹಾಕುತ್ತಿದ್ದ. ಎರಡು ಸೌಟು ಹಾಕಿದೆ. ಮೂರನೆಯದನ್ನು ಎತ್ತಿದಾಗ ಎಲೆಗೆ ಕೈ ಅಡ್ಡ ಹಿಡಿದ.

“ಸಾಕ್ರಿ ಸರ್,” ಅಂದ.

ತಲೆ ಎತ್ತಲಿಲ್ಲ. ಆಚೀಚೆ ಕೂತವರಿಗೆ ಅದರಲ್ಲಿ ಏನೂ ವಿಶೇಷ ಕಾಣಿಸಲಿಲ್ಲ. ಭಾಂಡೆಯವನು ಮಾಸ್ತರನಿಗೆ ಹೇಗೆ ಅನ್ನಬೇಕೋ ಹಾಗೇ ಅಂದಿದ್ದ. ನನ್ನ ಮಾನ ಕಾಯಲಿಕ್ಕೆ ನನ್ನ ಅಪ್ಪ ನನ್ನನ್ನು ಸರ್ ಎಂದು ಕರೆದ. ಬಕೀಟು ಹಿಡಿದುಕೊಂಡು ಮುಂದಿನ ಎಲೆಗೆ ಹೋದೆ. ಅವನು ಉಂಡು ಎದ್ದು ಕೈತೊಳೆಯಲಿಕ್ಕೆ ಹೋದಾಗ ನಳದ ಕಡೆ ಬೆನ್ನು ತಿರುಗಿಸಿ ಪಂಗತಿಯ ಗದ್ದಲದಲ್ಲಿ ನಿಂತೆ. ತಿರುಗಿ ನೋಡುವಷ್ಟರಲ್ಲಿ ಹೋಗಿಬಿಟ್ಟಿದ್ದ. ಬಸ್ ಸ್ಟ್ಯಾಂಡ್ ಏನು ದೂರವಿರಲಿಲ್ಲ, ಹತ್ತು ನಿಮಿಷದ ಹಾದಿ. ಹೋಗಲಿಲ್ಲ.

ರಜೆ ಮುಗಿಯುವುದರೊಳಗೆ ಯಾರ್‍ಯಾರ ಕೈಕಾಲೋ ಹಿಡಿದು ಬೀದರಿನ ಹತ್ತಿರಕ್ಕೆ ವರ್ಗ ಮಾಡಿಸಿಕೊಂಡೆ. ಔರಾದಿನ ಮನೆ ಬಿಡುವಾಗ ಶಿವಲೀಲಮ್ಮ ಅತ್ತರು, ನಾನೂ ಅತ್ತೆ. ಆಮೇಲೆ ಮದುವೆಯಾಯಿತು, ಬೀದರಿನ ಕೊಳಾರದ ರಸ್ತೆಯಲ್ಲಿ ಸಣ್ಣದೊಂದು ಮನೆ ಕಟ್ಟಿದೆ, ಎರಡು ಪುಸ್ತಕ ಬಂದವು, ಎರಡರ ಮೇಲೂ ಅದೇ ಹೆಸರು. ಬಿಡುಗಡೆಯ ಸಮಾರಂಭಗಳಿಗೆ ಅಪ್ಪನನ್ನು ಕರೆದೆ. ಅಂಗಡಿ ಬಿಟ್ಟು ಬರಲಿಕ್ಕೆ ಆಗುವುದಿಲ್ಲ ಎಂದ ಎರಡೂ ಸಲ. ಹೌದಿರಬಹುದು ಎಂದು ನಂಬಿದಂತೆ ಮಾಡಿದೆ. ಔರಾದಿನ ಆ ದಿನದ ಬಗ್ಗೆ ಅವನು ಒಂದೇ ಒಂದು ಮಾತು ಆಡಲಿಲ್ಲ. ಮರೆತಿದ್ದಾನೆ, ದೊಡ್ಡದು ಮಾಡಿಕೊಂಡಿಲ್ಲ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡು ಬಂದೆ.

ಪ್ರೆಸ್ಸಿನಿಂದ ಬಂದ ಮರುದಿನ ಹಲಬರ್ಗಾಕ್ಕೆ ಹೋದೆ. ಅಪ್ಪನ ಕೈ ಈಗ ನಡುಗುತ್ತದೆ, ಅಂಗಡಿ ಬಿಟ್ಟು ಎರಡು ವರ್ಷವಾಯಿತು. ದಿನ ಬೆಳಗಾದರೆ ಊರ ವಿಹಾರದ ಅಂಗಳ ಗುಡಿಸಿ ಬರುತ್ತಾನೆ, ಮಧ್ಯಾಹ್ನ ಸರೀಕರ ಜೊತೆ ಹರಟೆ. ಅವನ ಪಕ್ಕ ಕೂತು, ಈ ಸಲ ಪುಸ್ತಕದ ಮೇಲೆ ಪೂರಾ ಹೆಸರು ಹಾಕಿಸುತ್ತೇನೆ ಎಂದೆ. ಮಿಲಿಂದ ಮಾರುತಿ ಕಾಂಬಳೆ, ಹಲಬರ್ಗಾ. ಅವನು ಖುಷಿಯಾಗುತ್ತಾನೆ, ತಲೆ ಸವರುತ್ತಾನೆ, ಎಲ್ಲ ತೊಳೆದುಹೋಗುತ್ತದೆ ಎಂದು ಒಳಗೊಳಗೇ ಕಾದಿದ್ದೆ. ನಾಚಿಕೆಗೇಡಿಗೆ ಆಸೆ ಎಷ್ಟು ನೋಡಿ!

ಅಪ್ಪ ಸುಪಾರಿ ಕತ್ತರಿಸುತ್ತಿದ್ದ. ಕತ್ತರಿಸುವುದನ್ನು ನಿಲ್ಲಿಸಲಿಲ್ಲ.

“ಪುಸ್ತಕದ ಮ್ಯಾಲ ಹಾಕೋದು ಸಲೀಸ್ ಅದ,” ಅಂದ. “ಯಾರೋ ಓದ್ತಾರ, ಯಾರೋ ಬಿಡ್ತಾರ. ಮೊದಲ ಆ ಮನಿಗಿ ಹೋಗಿ ಹೇಳಿ ಬಾ.”

ಯಾವ ಮನೆ ಎಂದು ನಾನು ಕೇಳಬೇಕಾಗಲಿಲ್ಲ. ಹನ್ನೆರಡು ವರ್ಷ ಅವನು ಮರೆತಿರಲಿಲ್ಲ. ಒಂದು ದಿನವೂ ಮರೆತಿರಲಿಲ್ಲ.

ಮಾರನೆಯ ದಿನವೇ ಔರಾದಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಸೋಯಾ ಹೊಲಗಳು ಹಸಿರಾಗಿದ್ದವು. ಓಣಿಯಲ್ಲಿ ಸಿಮೆಂಟಿನ ರಸ್ತೆ ಬಂದಿದೆ. ಕಾಶಪ್ಪನವರು ಅಂಗಡಿಗೆ ಹೋಗಿದ್ದರು. ಶಿವಲೀಲಮ್ಮ ಒಬ್ಬರೇ ಪಡಸಾಲೆಯಲ್ಲಿ ಕೂತಿದ್ದರು, ಕೂದಲು ಪೂರ್ತಿ ಬೆಳ್ಳಗಾಗಿದೆ. ದನಿ ಕೇಳಿದೊಡನೆ, ಶರಣಪ್ರಿಯ ಸರ್ ಬಂದ್ರೇನು ಎಂದು ಕೈ ಹಿಡಿದು ಕೂರಿಸಿದರು. ಪಾರ್ವತಿಗೆ ಎರಡು ಮಕ್ಕಳು ಎಂದರು. ಚಹಾ ಇಡಲಿಕ್ಕೆ ಏಳುತ್ತಿದ್ದರು. ಚಹಾ ಕುಡಿದರೆ ಮತ್ತೆ ಹೇಳಲಾರೆ ಎಂದು ಗೊತ್ತಿತ್ತು. ಕೂಡ್ರಿ ಎಂದೆ. ಒಂದೇ ಉಸಿರಿಗೆ ಎಲ್ಲ ಹೇಳಿದೆ. ನನ್ನ ಹೆಸರು ಶರಣಪ್ರಿಯ ಅಲ್ಲ, ನಾನು ನೀವು ತಿಳಿದ ಪೈಕಿ ಅಲ್ಲ, ಪೂರಾ ಹೆಸರು ಇದು, ಆ ದಿನ ಹಂಡೆ ಹೊತ್ತು ತಂದವರು ಭಾಂಡೆ ಅಂಗಡಿಯವರು ಹೌದು, ಆದರೆ ನನ್ನ ಅಪ್ಪ.

ನಾನು ನೆಲ ನೋಡುತ್ತ ಕೂತೆ. ಹೊರಗೆ ಹೋಗ್ರಿ ಅಂದರೆ ಹೋಗಲಿಕ್ಕೆ ತಯಾರಾಗಿದ್ದೆ. ಅಂದಿದ್ದರೆ ಚಲೋ ಇತ್ತು ಅಂತಲೂ ಈಗ ಅನ್ನಿಸುತ್ತದೆ.

“ಅವಾಗೇ ಹೇಳಿದ್ರ ಮನಿ ಕೊಡ್ತಿದ್ದೆವು ಅಂತ ನಾ ಸುಳ್ಳು ಹೇಳಂಗಿಲ್ರಿ,” ಎಂದರು ಕೊನೆಗೆ. “ನಮ್ಮ ಮನಿಯವ್ರು ಕೊಡ್ತಿದ್ದಿಲ್ಲ. ನಾನೂ ಬಿ ಸುಮ್ಮ ಕೂಡ್ತಿದ್ದೆ. ಅದು ನಮ್ಮ ತಪ್ಪು. ಆದರ ಹಂಡೆ ತಂದವ್ರು ನಿಮ್ಮ ಅಪ್ಪನೇನ್ರಿ?”

ಹೌದ್ರಿ ಎಂದೆ.

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ನಿಧಾನವಾಗಿ ಹೇಳಿದರು.

“ಅವ್ರು ನನಗ ನೆನಪದಾರ. ಉಂಡು ನಳದ ಕಡಿ ಕೈ ತೊಳಿಲತ್ತಿದ್ರು. ಪಾರ್ವತಿ ಹೋಗ್ತಾಳಂತ ನಾನು ಅಲ್ಲೇ ನಿಂತು ಅಳ್ಲತ್ತಿದ್ದೆ. ನನಗ ನೋಡಿ ಅವ್ರ ಕಣ್ಣಾಗ ಬಿ ನೀರು ಬಂತು. ನಿಮಗ ಮಕ್ಕಳೆಷ್ಟು ಅಂತ ಕೇಳ್ದೆ. ಒಬ್ಬನೇ ಮಗ ಅದಾನ್ರಿ ಅಂದ್ರು. ಎಲ್ಲಿರ್ತಾನ ಅಂದೆ. ನಳ ಬಂದ್ ಮಾಡಿದ್ರು. ಆಮ್ಯಾಲ, ಭಾಳ ದೂರ ಅದಾನ್ರಿ ಅಂದ್ರು. ಪುಣೆನೋ ಬಾಂಬೆನೋ ಇರಬೇಕಂತ ನಾ ತಿಳ್ಕೊಂಡೆ.”

ನಳದಿಂದ ನಾಲ್ಕು ಹೆಜ್ಜೆಯ ಮೇಲೆ, ಕೈಯಲ್ಲಿ ಹುಗ್ಗಿಯ ಬಕೀಟು ಹಿಡಿದುಕೊಂಡು, ನಾನು ಆಗ ಅಲ್ಲೇ ನಿಂತಿದ್ದೆ.